ಸ್ಲೈಮ್, ಜೇನು, ಕಪ್ಪೆದೀಪ: ಮೈನ್‌ಕ್ರಾಫ್ಟ್‌ನಲ್ಲಿ ಊರ ಮನೆ ಕಟ್ಟುವವರು ಯಾವುದನ್ನು ಕೂಡಿಡಬೇಕು?

ಈ ಸಲ ಮೇ ರಜೆಯಲ್ಲಿ ಊರಿಗೆ ಹೋಗುವುದು ಆಗಲಿಲ್ಲ. ಮೀರಾ ರೋಡಿನಿಂದ ಅಕ್ಕನ ಮಗಳು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಅವಳೂ ನನ್ನ ಮಗನೂ ಸೇರಿ, ಕಾರ್ಕಳದ ಹತ್ತಿರದ ಅಜ್ಜಿ ಮನೆಯನ್ನು, ಚೌಕ ಬ್ಲಾಕುಗಳನ್ನು ಜೋಡಿಸಿ ಕಟ್ಟುವ ವಿಡಿಯೋ ಆಟ ಮೈನ್‌ಕ್ರಾಫ್ಟ್‌ನಲ್ಲೇ ಕಟ್ಟುತ್ತೇವೆ ಎಂದು ಹೊರಟರು. ಜಗಲಿ, ಅಂಗಳ, ಬಾವಿ, ಹಟ್ಟಿ, ಅಟ್ಟ, ದೇವರ ಕೋಣೆ, ಒಂದೂ ಬಿಡುವ ಹಾಗಿಲ್ಲ. ನಾನೂ ಜೊತೆಗೂಡಿದೆ. ಮೂರು ವಾರ ಕಳೆಯುವಷ್ಟರಲ್ಲಿ ಹದಿನಾಲ್ಕು ಪೆಟ್ಟಿಗೆ ತುಂಬಿತ್ತು, ಮನೆ ಮಾತ್ರ ಪಂಚಾಂಗ ಬಿಟ್ಟು ಮೇಲೆದ್ದಿರಲಿಲ್ಲ. ಹೊಳೆಯುವುದು, ಅಂಟುವುದು, ಪುಟಿಯುವುದು, ಹಾಡುವುದು, ಕಣ್ಣಿಗೆ ಚಂದ ಕಂಡದ್ದನ್ನೆಲ್ಲ ಹೆಕ್ಕಿ ತಂದಿದ್ದೆವು.

ಆಮೇಲೆ ಕೂತು ಲೆಕ್ಕ ಹಾಕಿದೆವು. ನಮ್ಮ ಮನೆಯಲ್ಲಿ ಆಟಕ್ಕೆ ದಿನಕ್ಕೆ ಒಂದೇ ಗಂಟೆ. ಆಟದ ಒಂದು ಹಗಲು-ರಾತ್ರಿ ಎಂದರೆ ನಮ್ಮ 20 ನಿಮಿಷ. ಅಂದರೆ ನಮ್ಮ ಕೈಗೆ ಸಿಗುವುದು ದಿನಕ್ಕೆ ಮೂರು ಹಗಲು, ಮೂರು ರಾತ್ರಿ. ಇಷ್ಟರಲ್ಲಿ ಕಟ್ಟುವವರು ಒಂದು ಸಾಮಾನನ್ನು ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕಾದದ್ದು ‘ಇದು ಎಷ್ಟು ಅಪರೂಪ?’ ಎಂದಲ್ಲ, ‘ಇದು ತೆಗೆದ ಮೇಲೆ ಮತ್ತೆ ಹುಟ್ಟುತ್ತದೆಯೇ?’ ಎಂದು. ಹುಟ್ಟುವಂಥದ್ದಕ್ಕೆ ಒಮ್ಮೆ ಬುಡ ಹಾಕಿಕೊಟ್ಟರೆ ನಾವು ಗೋಡೆ ಕಟ್ಟುತ್ತಿರುವಾಗ ಅದು ತನ್ನಷ್ಟಕ್ಕೆ ಬೆಳೆಯುತ್ತಿರುತ್ತದೆ. ಹುಟ್ಟದಂಥದ್ದರ ಬೆನ್ನು ಹತ್ತಿದರೆ ಗಂಟೆಯೆಲ್ಲ ಅಲೆದಾಟದಲ್ಲೇ ಮುಗಿಯುತ್ತದೆ. ಮುಂದೆ ಬರೆದಿರುವುದೆಲ್ಲ ಈ ಒಂದು ಪ್ರಶ್ನೆ ಹಿಡಿದು ನಾವು ಮಾಡಿಕೊಂಡ ಆಯ್ಕೆಗಳು.

ಶುರು ಮಾಡುವವರಿಗೆ ಒಂದು ಮಾತು. ಮೊಬೈಲಿನಲ್ಲಿ ಬರುವುದು ಬೆಡ್‌ರಾಕ್ ಆವೃತ್ತಿ. ಕಂಪ್ಯೂಟರಿನಲ್ಲಿ ಜಾವಾ, ಬೆಡ್‌ರಾಕ್ ಎರಡೂ ಇವೆ. ಜಾವಾದಲ್ಲಿ ಆಡುವವರೂ ಬೆಡ್‌ರಾಕ್‌ನಲ್ಲಿ ಆಡುವವರೂ ಒಂದೇ ಲೋಕದೊಳಗೆ ಸೇರಲಾರರು. ಮಕ್ಕಳು ಬೇರೆಬೇರೆ ಮನೆಗಳಲ್ಲಿ ಕೂತು ಒಟ್ಟಿಗೆ ಆಡುವುದಾದರೆ ಇದನ್ನು ಮೊದಲೇ ನೋಡಿಕೊಳ್ಳಿ. ಇಲ್ಲಿ ಹೇಳುವ ಸಾಮಾನುಗಳು ಎರಡರಲ್ಲೂ ಇವೆ.

ಸ್ಲೈಮೋ, ಜೇನೋ?

ಎರಡೂ ಅಂಟು. ಎರಡರ ಬ್ಲಾಕನ್ನೂ ಪಿಸ್ಟನ್ ಎಂಬ ಯಂತ್ರ ತಳ್ಳಿದರೆ ಪಕ್ಕದ ಬ್ಲಾಕುಗಳನ್ನು ಅಂಟಿಸಿಕೊಂಡೇ ಸರಿಯುತ್ತವೆ. ಒಟ್ಟು 12 ಬ್ಲಾಕಿನವರೆಗೆ. ಹಾಗಾಗಿ ಮಕ್ಕಳು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಒಟ್ಟುಮಾಡುವ ದಾರಿ ಮಾತ್ರ ಪೂರ್ತಿ ಬೇರೆ.

ಸ್ಲೈಮ್ ಎಂದರೆ ಜೌಗಿನಲ್ಲಿ ರಾತ್ರಿ ಹೊತ್ತು ಪುಟಿಯುತ್ತ ಬರುವ ಹಸಿರು ಮುದ್ದೆ. ದೊಡ್ಡದನ್ನು ಹೊಡೆದರೆ ಮಧ್ಯಮದ್ದು, ಅದನ್ನು ಹೊಡೆದರೆ ಸಣ್ಣವು. ಸಣ್ಣದು ಸತ್ತಾಗ ಮಾತ್ರ ಅಂಟಿನ ಉಂಡೆ ಬೀಳುತ್ತದೆ, ಒಂದೋ ಎರಡೋ, ಕೆಲವೊಮ್ಮೆ ಅದೂ ಇಲ್ಲ. ಒಂಬತ್ತು ಉಂಡೆ ಸೇರಿದರೆ ಒಂದು ಬ್ಲಾಕ್. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಚಂದ್ರನ ಲೆಕ್ಕ. ಜೌಗಿನಲ್ಲಿ ಹುಣ್ಣಿಮೆಯಂದು ಸ್ಲೈಮ್ ಅತಿ ಹೆಚ್ಚು, ಅಮಾವಾಸ್ಯೆಯಂದು ಒಂದೂ ಹುಟ್ಟುವುದಿಲ್ಲ. ಆಟದ ಚಂದ್ರನಿಗೆ ಎಂಟು ಕಲೆ, ಅಂದರೆ ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ನಮ್ಮ 2 ಗಂಟೆ 40 ನಿಮಿಷ. ದಿನಕ್ಕೊಂದು ಗಂಟೆ ಆಡುವವರಿಗೆ ಹೆಚ್ಚುಕಡಿಮೆ ಮೂರು ದಿನಕ್ಕೊಂದು ಹುಣ್ಣಿಮೆ. ಅಕ್ಕನ ಮಗಳು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಸಂಕಷ್ಟಿ ಏಕಾದಶಿಗಳ ಪಕ್ಕದಲ್ಲೇ, ಪೆನ್ಸಿಲಿನಿಂದ ಆಟದ ಹುಣ್ಣಿಮೆಗೂ ಒಂದು ಸೊನ್ನೆ ಬರೆದಿಟ್ಟಿದ್ದಾಳೆ. ಅಮಾವಾಸ್ಯೆಯ ರಾತ್ರಿ ಜೌಗು ಸುತ್ತಿ ಬರಿಗೈಲಿ ಬಂದವರು ಬೇಕಾದಷ್ಟು ಜನ ಇರುತ್ತಾರೆ. ಅವರಿಗೆ ಈ ಸೊನ್ನೆ ಬಹಳ ಉಪಕಾರಿ.

ಜೇನಿನದು ತಾಳ್ಮೆಯ ಕೆಲಸ. ಹುಳಗಳು ಹೂವಿನಿಂದ ಗೂಡಿಗೆ ಐದು ಸಲ ಪರಾಗ ತಂದರೆ ಗೂಡು ತುಂಬುತ್ತದೆ, ಅಂಚಿನಿಂದ ಜೇನು ತೊಟ್ಟಿಕ್ಕುವುದು ಕಣ್ಣಿಗೇ ಕಾಣುತ್ತದೆ. ಆಗ ಗಾಜಿನ ಬಾಟಲಿ ಹಿಡಿದರೆ ಒಂದು ಬಾಟಲಿ ಜೇನು, ಕತ್ತರಿ ಹಾಕಿದರೆ ಮೂರು ಎರಿ. ನಾಲ್ಕು ಬಾಟಲಿ ಜೇನಿಗೆ ಒಂದು ಬ್ಲಾಕ್, ಖಾಲಿ ಬಾಟಲಿಗಳು ವಾಪಸು ಸಿಗುತ್ತವೆ. ರಾತ್ರಿ ಮತ್ತು ಮಳೆಯಲ್ಲಿ ಹುಳಗಳು ಹೊರಡುವುದಿಲ್ಲ. ಜುಲೈ ತಿಂಗಳ ಡೊಂಬಿವಲಿ ನೋಡಿದವರಿಗೆ ಅದು ಅರ್ಥವಾಗುತ್ತದೆ.

ಮೊದಲ ಗೂಡು ಸಿಕ್ಕ ದಿನ ಮಗ ಸೀದಾ ಹೋಗಿ ಕತ್ತರಿ ಹಾಕಿಬಿಟ್ಟ. ಮೂರೂ ಹುಳ ಕೆಂಪು ಕಣ್ಣು ಮಾಡಿಕೊಂಡು ಅವನ ಮೇಲೆರಗಿದವು. ಕುಟುಕಿದ ಹುಳ ಈ ಆಟದಲ್ಲೂ ಬದುಕುವುದಿಲ್ಲ, ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಬಿದ್ದವು. ತನಗೆ ನೋವಾಯಿತೆಂದಲ್ಲ, ಹುಳ ಸತ್ತವೆಂದು ಅವನು ಅತ್ತ. ಊರಿನಲ್ಲಿ ದೊಡ್ಡಪ್ಪ ತುಡುವೆ ಜೇನು ತೆಗೆಯುವಾಗ ತೆಂಗಿನ ಸಿಪ್ಪೆಗೆ ಕೆಂಡ ಹಾಕಿ ಊದುತ್ತ, ಹೊಗೆ ಗೂಡಿನ ಬಾಯಿಗೆ ತಾಗುವ ಹಾಗೆ ಹಿಡಿಯುತ್ತಿದ್ದುದನ್ನು ಅವನಿಗೆ ಹೇಳಿದೆ. ಆಟದಲ್ಲೂ ಮಾಡಬೇಕಾದದ್ದು ಅದನ್ನೇ. ಗೂಡಿನ ನೇರ ಕೆಳಗೆ, ಐದು ಬ್ಲಾಕಿನೊಳಗೆ ಒಂದು ಕ್ಯಾಂಪ್‌ಫೈರ್ ಹಚ್ಚಿದರೆ ಹೊಗೆಗೆ ಹುಳಗಳು ಸುಮ್ಮನಿರುತ್ತವೆ. ಮರದ ಮೇಲಿನ ಗೂಡನ್ನು ಮನೆಗೆ ತರಬೇಕಾದರೆ ಸಿಲ್ಕ್ ಟಚ್ (ಇದ್ದುದನ್ನು ಇದ್ದ ಹಾಗೇ ಎತ್ತುವ ಮಂತ್ರಶಕ್ತಿ) ಇರುವ ಉಪಕರಣವೇ ಬೇಕು, ಇಲ್ಲದಿದ್ದರೆ ಗೂಡೇ ಇಲ್ಲವಾಗುತ್ತದೆ. ಅದಿಲ್ಲದವರು ಆರು ಹಲಗೆ, ಮೂರು ಎರಿ ಸೇರಿಸಿ ತಾವೇ ಪೆಟ್ಟಿಗೆ ಮಾಡಿ, ಹೂ ತೋರಿಸಿ ಹುಳಗಳನ್ನು ಕರೆತರಬಹುದು. ನಾವು ಹಾಗೇ ಮಾಡಿದೆವು. ಈಗ ಹಟ್ಟಿಯ ಹಿಂದೆ ನಾಲ್ಕು ಪೆಟ್ಟಿಗೆ ಇವೆ, ಪಕ್ಕದ ಗದ್ದೆಯ ಬೆಳೆಯೂ ಹುಳಗಳು ಹಾರಾಡಿದ್ದರಿಂದ ಬೇಗ ಬೆಳೆಯುತ್ತದೆ.

ಬಳಕೆಯಲ್ಲಿ ದೊಡ್ಡ ವ್ಯತ್ಯಾಸ ಬೀಳುವಾಗ ಗೊತ್ತಾಗುತ್ತದೆ. ಸ್ಲೈಮ್ ಬ್ಲಾಕಿನ ಮೇಲೆ ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಿಲ್ಲ, ಚೆಂಡಿನ ಹಾಗೆ ಮೇಲಕ್ಕೆ ಎಸೆಯುತ್ತದೆ. ಆದರೆ ಬೀಳುವಾಗ ಬಗ್ಗುವ ಬಟನ್ ಒತ್ತಿರಬಾರದು, ಒತ್ತಿದ್ದರೆ ಪುಟಿಯುವುದಿಲ್ಲ, ಪೂರ್ತಿ ಪೆಟ್ಟು ಬೀಳುತ್ತದೆ. ಮೊಬೈಲಿನಲ್ಲಿ ಆಡುವ ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ. ಜೇನು ಪೆಟ್ಟಿನಲ್ಲಿ 80 ಶೇಕಡಾ ಕಡಿಮೆ ಮಾಡುತ್ತದೆ: 23 ಬ್ಲಾಕ್ ಎತ್ತರದಿಂದ ನೆಲಕ್ಕೆ ಬಿದ್ದರೆ ಆಟದ ಜೀವವಾದ ಹತ್ತೂ ಹೃದಯ ಹೋಗುತ್ತದೆ, ಜೇನಿನ ಮೇಲೆ ಬಿದ್ದರೆ ಎರಡು ಮಾತ್ರ. ಅದರ ಮೇಲೆ ನಡೆದರೆ ಕಾಲು ಎಳೆಯುತ್ತದೆ, ಗೋಡೆಗೆ ಹಚ್ಚಿದರೆ ನಿಧಾನವಾಗಿ ಜಾರಿ ಇಳಿಯಬಹುದು. ಅಟ್ಟದಿಂದ ಅಡಿಗೆಮನೆಗೆ ಇಳಿಯಲು ನಾವು ಏಣಿಯ ಬದಲು ಜೇನಿನ ಗೋಡೆ ಇಟ್ಟಿದ್ದೇವೆ. ಬಾವಿಗೆ ಹಾರುವ ಆಟಕ್ಕೆ ಮಾತ್ರ ಸ್ಲೈಮ್, ಅದು ಮಕ್ಕಳ ಹಟ.

ಹಾಗಾದರೆ ಯಾವುದು? ಮನೆ ಕಟ್ಟುವವರು ಮೊದಲು ಜೇನಿಗೆ ಹೋಗಿ. ಹಸಿವಿಗಾಗುತ್ತದೆ, ವಿಷ ಇಳಿಸುತ್ತದೆ, ಎರಿಗೆ ನೂಲು ಸೇರಿಸಿದರೆ ಮೇಣದ ಬತ್ತಿ, ತಾಮ್ರದ ಬ್ಲಾಕಿಗೆ ಎರಿ ಸವರಿದರೆ ಕಿಲುಬು ಹಿಡಿಯುವುದಿಲ್ಲ. ತಾನಾಗಿ ತೆರೆಯುವ ಬಾಗಿಲು, ಮುಚ್ಚುವ ಮುಚ್ಚಳ, ಇಂಥವು ಬೇಕಿದ್ದರೆ ಮಾತ್ರ ಸ್ಲೈಮ್ ಇಲ್ಲದೆ ಆಗದು. ಎಳೆಯುವ ಅಂಟು ಪಿಸ್ಟನ್‌ಗೆ ಸ್ಲೈಮ್ ಉಂಡೆಯೇ ಬೇಕು, ಜೇನು ಅಲ್ಲಿ ನಡೆಯುವುದಿಲ್ಲ. ಒಂದು ಹುಣ್ಣಿಮೆಯ ಬೇಟೆ ಸಾಧಾರಣ ಮನೆಗೆ ಸಾಕು. ಇನ್ನೊಂದು ಗುಣವಿದೆ: ಸ್ಲೈಮ್ ಬ್ಲಾಕೂ ಜೇನಿನ ಬ್ಲಾಕೂ ಒಂದಕ್ಕೊಂದು ಅಂಟುವುದಿಲ್ಲ. ಎರಡು ಬಾಗಿಲು ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಸರಿಯಬೇಕಿದ್ದರೆ ಒಂದಕ್ಕೆ ಇದು, ಇನ್ನೊಂದಕ್ಕೆ ಅದು.

ಜಗಲಿಯ ದೀಪ

ಗ್ಲೋಸ್ಟೋನ್, ಶ್ರೂಮ್‌ಲೈಟ್, ಸೀ ಲ್ಯಾಂಟರ್ನ್, ಫ್ರಾಗ್‌ಲೈಟ್ ಎಂಬ ಕಪ್ಪೆದೀಪ. ನಾಲ್ಕರ ಬೆಳಕೂ 15, ಆಟದಲ್ಲಿ ಅದಕ್ಕಿಂತ ಹೆಚ್ಚಿನದಿಲ್ಲ. ಆದ್ದರಿಂದ ಯಾವುದು ಹೆಚ್ಚು ಪ್ರಕಾಶ ಎಂದು ಮಕ್ಕಳು ಜಗಳವಾಡುವುದು ದಂಡ. ಬಣ್ಣ ಮತ್ತು ತರುವ ಕಷ್ಟ, ಇವೆರಡನ್ನೇ ನೋಡಬೇಕು. ದೀಪ ರಾಶಿ ಬೇಕೆಂದೂ ಇಲ್ಲ. ದೀಪದಿಂದ ದೂರ ಹೋದಂತೆ ಬೆಳಕು ಬ್ಲಾಕಿಗೆ ಒಂದರಂತೆ ಇಳಿಯುತ್ತದೆ, 2021ರ ಕೊನೆಗೆ ಬಂದ 1.18 ಆವೃತ್ತಿಯಿಂದ ಈಚೆಗೆ ಬೆಳಕು ಪೂರ್ತಿ ಸೊನ್ನೆಯಾದ ಕಡೆ ಮಾತ್ರ ಸಾಮಾನ್ಯ ರಾಕ್ಷಸರು ಹುಟ್ಟುತ್ತಾರೆ. ಒಂದು ಕೋಣೆಗೆ ಒಂದು ದೀಪ ಧಾರಾಳ.

ಗ್ಲೋಸ್ಟೋನ್ ನೆದರ್ ಎಂಬ ಬೆಂಕಿಯ ಪಾತಾಳಲೋಕದ ಚಾವಣಿಯಲ್ಲಿ ಗೊಂಚಲು ಗೊಂಚಲಾಗಿ ತೂಗುತ್ತದೆ, ಕೆಳಗೆ ಲಾವಾ. ಒಡೆದಾಗ ಎರಡರಿಂದ ನಾಲ್ಕು ಪುಡಿ ಸಿಗುತ್ತದೆ, ನಾಲ್ಕು ಪುಡಿಗೆ ಒಂದು ಬ್ಲಾಕ್; ಅರ್ಧಕ್ಕರ್ಧ ಲಾವಾಕ್ಕೇ ಅರ್ಪಣೆ. ಸೀ ಲ್ಯಾಂಟರ್ನ್‌ಗೆ ಸಮುದ್ರದಡಿಯ ಸ್ಮಾರಕಕ್ಕಿಳಿದು ಗಾರ್ಡಿಯನ್‌ಗಳೊಡನೆ ಕಾದಾಡಬೇಕು. ಅದರದ್ದು ನೀಲಿ ಸೇರಿದ ಬಿಳಿ, ನಮ್ಮ ಬಿಲ್ಡಿಂಗಿನ ಪ್ಯಾಸೇಜಿನ ಟ್ಯೂಬ್‌ಲೈಟ್ ಹಾಗೆ. ಅಜ್ಜಿ ಮನೆಗೆ ಹೊಂದುವುದೇ ಇಲ್ಲ. ಶ್ರೂಮ್‌ಲೈಟ್ ಒಳ್ಳೆಯದು. ನೆದರ್‌ನ ದೊಡ್ಡ ಅಣಬೆಗಳಲ್ಲಿ ಇರುತ್ತದೆ. ಸಣ್ಣ ಅಣಬೆಯನ್ನು ಅದರದೇ ನೆಲದಲ್ಲಿ ನೆಟ್ಟು ಎಲುಬಿನ ಗೊಬ್ಬರ ಹಾಕಿದರೆ ಮತ್ತೆ ಮತ್ತೆ ಬೆಳೆಯುತ್ತದೆ. ದಿನದ ಬಳಕೆಗೆ ನಮ್ಮ ಆಯ್ಕೆ ಅದೇ. ತೆಗೆಯಲು ಗುದ್ದಲಿಗಿಂತ ಕಳೆ ತೆಗೆಯುವ ಹೋ ಬೇಗ.

ಆದರೆ ದೇವರ ಕೋಣೆಗೂ ಜಗಲಿಗೂ ಫ್ರಾಗ್‌ಲೈಟ್ ಬೇಕೆಂದು ಅಕ್ಕನ ಮಗಳು ಕೂತಳು. ಎರಡು ವಾರಾಂತ್ಯ ಅದಕ್ಕೇ ಹೋಯಿತು, ಹೋದದ್ದಕ್ಕೆ ಬೇಸರವಿಲ್ಲ. ಕಪ್ಪೆಗಳು ಬಂದದ್ದು 2022ರ ಜೂನ್‌ನಲ್ಲಿ, 1.19ರ ಜೊತೆ. ಸ್ಲೈಮಿನ ಹಾಗೆ ಪುಟಿಯುವ ನೆದರ್‌ನ ಮ್ಯಾಗ್ಮಾ ಕ್ಯೂಬ್‌ಗಳಲ್ಲಿ ಸಣ್ಣದನ್ನು ಕಪ್ಪೆ ನಾಲಿಗೆ ಚಾಚಿ ನುಂಗಿದರೆ ಅಲ್ಲಿ ಒಂದು ದೀಪ ಬಿದ್ದಿರುತ್ತದೆ. ದೀಪದ ಬಣ್ಣ ಕಪ್ಪೆಯ ಬಣ್ಣದ ಮೇಲೆ: ಕಿತ್ತಳೆ ಕಪ್ಪೆಗೆ ಹಳದಿ, ಬಿಳಿ ಕಪ್ಪೆಗೆ ನಸುನೇರಳೆ, ಹಸಿರು ಕಪ್ಪೆಗೆ ಹಸಿರು ದೀಪ. ಕಪ್ಪೆಯ ಬಣ್ಣವೋ, ಗೊದಮೊಟ್ಟೆ ಬೆಳೆದು ಕಪ್ಪೆಯಾದ ಜಾಗದ ಮೇಲೆ. ಚಳಿಯ ನಾಡಿನಲ್ಲಿ ಹಸಿರು, ಸೆಕೆಯ ನಾಡಿನಲ್ಲಿ ಬಿಳಿ, ನಡುವಿನಲ್ಲಿ ಕಿತ್ತಳೆ. ಗೊದಮೊಟ್ಟೆಯನ್ನು ಬಕೆಟ್‌ನಲ್ಲಿ ತುಂಬಿ ಬೇಕಾದ ನಾಡಿಗೆ ಒಯ್ದು ಬಿಟ್ಟರೆ 20 ನಿಮಿಷಕ್ಕೆ ಕಪ್ಪೆ. ಕಪ್ಪೆಗಳು ಮರಿ ಮಾಡಲು ತಿನ್ನಿಸಬೇಕಾದದ್ದು ಸ್ಲೈಮ್ ಉಂಡೆಯನ್ನೇ, ಹುಣ್ಣಿಮೆಯ ಬೇಟೆಯಲ್ಲಿ ಉಳಿದದ್ದು ಇಲ್ಲಿ ಕೆಲಸಕ್ಕೆ ಬಂತು. ಕಪ್ಪೆಗೆ ಹಗ್ಗ ಕಟ್ಟಿ ನೆದರ್‌ಗೆ ಕರೆದೊಯ್ದು, ದೊಡ್ಡ ಮ್ಯಾಗ್ಮಾ ಕ್ಯೂಬನ್ನು ಹೊಡೆದು ಸಣ್ಣದಾಗಿಸಿ ಮುಂದೆ ಬಿಡಬೇಕು. ‘ಮಾಮ, ನೀವು ಹೊಡೆಯುವುದು ನಿಲ್ಲಿಸಿ, ಅದರ ಪಾಲಿಗೂ ಬಿಡಿ’ ಎಂದು ಅವಳು ಹೇಳುತ್ತಲೇ ಇದ್ದಳು. ಹಳದಿ ದೀಪ ಆರು ಸಿಕ್ಕಿದವು. ಜಗಲಿಯ ಕಂಬದ ಮೇಲೆ ಇಟ್ಟ ಮೇಲೆ ಆ ಬೆಳಕು ಎಳ್ಳೆಣ್ಣೆಯ ದೀಪದ ಬೆಳಕೇ. ಮೂರು ಬಣ್ಣವೂ ಬೇಕೆನ್ನುವ ಆಸೆ ಇಲ್ಲದಿದ್ದರೆ ಕಿತ್ತಳೆ ಕಪ್ಪೆ ಒಂದೇ ಸಾಕು, ಅದು ಮಾಮೂಲಿ ಜೌಗಿನಲ್ಲೇ ಸಿಗುತ್ತದೆ.

ನೇರಳೆ ಹರಳು

ಅಮೆಥಿಸ್ಟ್ ಬಗ್ಗೆ ಹೇಳಬೇಕಾದದ್ದು ಒಂದೇ: ಗುಹೆಯನ್ನು ಕಂಡ ಕೂಡಲೇ ಒಡೆಯಬೇಡಿ. ಹೊರಗೆ ಕಪ್ಪು ನಯಕಲ್ಲು, ಒಳಗೆ ಬಿಳಿ ಕ್ಯಾಲ್ಸೈಟ್, ಅದರೊಳಗೆ ನೇರಳೆ. ನೇರಳೆಯಲ್ಲಿ ಕೆಲವು ಬ್ಲಾಕುಗಳ ಮೈಮೇಲೆ ನಕ್ಷತ್ರದಂಥ ಗುರುತಿರುತ್ತದೆ. ಮೊಳೆಯುವ ಕಲ್ಲು ಅದು. ಹರಳು ಚಿಗುರುವುದು ಅದರ ಮೇಲೆ ಮಾತ್ರ. ಅದನ್ನು ಒಡೆದರೆ ಏನೂ ಸಿಗುವುದಿಲ್ಲ, ಸಿಲ್ಕ್ ಟಚ್ ಇದ್ದರೂ ಸಿಗುವುದಿಲ್ಲ. ಮನೆಯ ಹತ್ತಿರ ತಂದಿಡುತ್ತೇನೆಂದು ಮಗ ಮೊದಲ ಗುಹೆಯಲ್ಲಿ ಅಂಥ ಏಳು ಕಲ್ಲು ಒಡೆದು ಮುಗಿಸಿದ. ಎರಡನೇ ಗುಹೆ ಸಿಕ್ಕಲು ಹತ್ತು ದಿನ ಬೇಕಾಯಿತು. ಹರಳು ನಾಲ್ಕು ಹಂತದಲ್ಲಿ ಬೆಳೆಯುತ್ತದೆ. ಪೂರ್ತಿ ಬೆಳೆದದ್ದನ್ನು ಗುದ್ದಲಿಯಿಂದ ತೆಗೆದರೆ ನಾಲ್ಕು ಚೂರು, ಎಳೆಯದರಿಂದ ಒಂದೂ ಇಲ್ಲ. ಒಂದು ಚೂರು, ಎರಡು ತಾಮ್ರದ ಗಟ್ಟಿ ಸೇರಿದರೆ ದುರ್ಬೀನು. ಅಮೆಥಿಸ್ಟ್ ಬ್ಲಾಕಿನ ಮೇಲೆ ನಡೆದರೆ ಗೆಜ್ಜೆಯ ಹಾಗೆ ಕೇಳುತ್ತದೆ, ಆದ್ದರಿಂದ ದೇವರ ಕೋಣೆಯ ಹೊಸ್ತಿಲಿಗೆ ಎರಡು ಬ್ಲಾಕ್ ಹಾಕಿದ್ದೇವೆ.

ಇದರ ಬದಲು ಎಕೋ ಶಾರ್ಡ್ ಹುಡುಕಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ, ‘ಬೇಡ’. ಅದು ನೆಲದಾಳದ ಪುರಾತನ ನಗರದ ಪೆಟ್ಟಿಗೆಗಳಲ್ಲಿ ಮಾತ್ರ, ಅಲ್ಲಿ ಸದ್ದು ಮಾಡಿದರೆ ವಾರ್ಡನ್ ಎಂಬ ರಾಕ್ಷಸ ಎದ್ದು ಬರುತ್ತದೆ. ಎಂಟು ಚೂರು ಸೇರಿಸಿ ಸಿಗುವುದು, ಕೊನೆಯದಾಗಿ ಸತ್ತ ಜಾಗ ತೋರಿಸುವ ಒಂದು ದಿಕ್ಸೂಚಿ. ಮನೆ ಕಟ್ಟಲು ಅದರಿಂದ ಏನೂ ಆಗಬೇಕಿಲ್ಲ.

ಗೋಡೆಗೆ ಏನು?

ಊರಿನ ಗೋಡೆ ಮುರಕಲ್ಲಿನದು. ಆಟದಲ್ಲಿ ಮುರಕಲ್ಲು ಇಲ್ಲ. ಹತ್ತಿರದವು ಮೂರು: ಜೇಡಿಯ ಇಟ್ಟಿಗೆ, ಮಣ್ಣಿನ ಇಟ್ಟಿಗೆ, ರೆಸಿನ್ ಇಟ್ಟಿಗೆ.

ರೆಸಿನ್ 2024ರ ಡಿಸೆಂಬರಿನಲ್ಲಿ ಬಂದ ಹೊಸ ಸಾಮಾನು. ಬೂದು ಬಣ್ಣದ ತೋಟದಲ್ಲಿ ರಾತ್ರಿ ಕ್ರೀಕಿಂಗ್ ಎಂಬ ಮರದ ಆಕೃತಿ ಓಡಾಡುತ್ತದೆ, ನಾವು ನೋಡುತ್ತಿರುವಾಗ ಅಲುಗುವುದಿಲ್ಲ, ಕಣ್ಣು ಬೇರೆಡೆ ಹೋದರೆ ಹತ್ತಿರ ಬರುತ್ತದೆ. ಅದಕ್ಕೆ ಹೊಡೆದಾಗ, ಅದರ ಹೃದಯ ಇರುವ ಮರದ ಮೈಮೇಲೆ ಕಿತ್ತಳೆ ಅಂಟು ಒಸರುತ್ತದೆ. ಮಕ್ಕಳಿಗೆ ಇದರಷ್ಟು ಮಜಾ ಬೇರೊಂದಿಲ್ಲ. ಆದರೆ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಒಂದು ಗೂಡು, ಒಂದು ಅಂಚು ಇವಕ್ಕೆ ಸರಿ, ಇಡೀ ಗೋಡೆಗೆ ಅಲ್ಲ.

ಜೇಡಿ ಮತ್ತು ಮಣ್ಣಿನ ನಡುವೆ ಲೆಕ್ಕ ಹಾಕಿ ನೋಡಿ. ಮುಂದಿನ ಗೋಡೆ 20 ಬ್ಲಾಕ್ ಉದ್ದ, 4 ಎತ್ತರ, ಒಟ್ಟು 80. ಜೇಡಿಯಲ್ಲಾದರೆ ಒಂದು ಬ್ಲಾಕಿಗೆ ನಾಲ್ಕು ಇಟ್ಟಿಗೆ, 320 ಉಂಡೆ ಬೇಯಿಸಬೇಕು. ಒಂದಕ್ಕೆ 10 ಸೆಕೆಂಡಿನಂತೆ ಒಂದೇ ಫರ್ನೇಸಿನಲ್ಲಿ 53 ನಿಮಿಷ, ಇದ್ದಿಲು 40. ಮಣ್ಣಿಗೆ ಬೆಂಕಿಯೇ ಬೇಡ. ಮಣ್ಣಿನ ಬ್ಲಾಕಿಗೆ ಬಾಟಲಿಯ ನೀರು ಹೊಯ್ದರೆ ಕೆಸರು, ಕೆಸರಿಗೆ ಒಂದು ಗೋಧಿಯ ಕಟ್ಟು ಸೇರಿಸಿದರೆ ಕಲಸಿದ ಮಣ್ಣು, ಅಂಥ ನಾಲ್ಕರಿಂದ ನಾಲ್ಕು ಇಟ್ಟಿಗೆ ಬ್ಲಾಕ್. ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಗೋಡೆ ಇಡುತ್ತಿದ್ದ ಕ್ರಮವೇ ಇದು. ಎಂಬತ್ತು ಗೋಧಿ ಬೇಕು, ಅದಕ್ಕೆ ಹಟ್ಟಿಯ ಪಕ್ಕದ ಗದ್ದೆ ಇದೆಯಲ್ಲ. ಬಣ್ಣ ಕಂದು, ನಡುನಡುವೆ ಗ್ರಾನೈಟ್ ಸೇರಿಸಿದರೆ ಮಳೆಗೆ ನೆನೆದ ಮುರಕಲ್ಲಿನ ಹಾಗೆ ಕಾಣುತ್ತದೆ. ಗೋಡೆಗೆ ಮಣ್ಣು ಎಂದು ನಾವು ಮೂವರೂ ಒಪ್ಪಿದೆವು.

ಜೇಡಿಯನ್ನು ಮಾಡಿಗೆ ಇಟ್ಟುಕೊಂಡೆವು. ಮಂಗಳೂರು ಹೆಂಚು ಕೆಂಪಾಗಿಯೇ ಇರಬೇಕು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಆ ಹೆಂಚು ಮುಂಬಯಿಗೂ ಬಂತು, ಗಿರ್‌ಗಾಂವಿನ ಹಳೆಯ ಚಾಳುಗಳ ಮಾಡು ನೋಡಿದರೆ ಗೊತ್ತಾಗುತ್ತದೆ. ಅಲ್ಲಿಗೆ ಹೋದಾಗ ಮಕ್ಕಳಿಗೆ ತೋರಿಸಿದೆ, ಅಜ್ಜಿ ಮನೆಯ ಮಾಡು ಇಲ್ಲೂ ಇದೆ ಎಂದು ಅವರಿಗೆ ಆಶ್ಚರ್ಯ. ಜೇಡಿ ಕಡಿಮೆ ಬಿದ್ದರೂ ಚಿಂತೆಯಿಲ್ಲ. ಕೆಸರಿನ ಬ್ಲಾಕನ್ನು ಒಂದು ಬ್ಲಾಕಿನ ಮೇಲಿಟ್ಟು ಅದರಡಿಗೆ ತೂಗುಗಲ್ಲು (ಗುಹೆಯ ಚಾವಣಿಯಿಂದ ತೂಗುವ ಮೊನಚು ಕಲ್ಲು) ಸಿಕ್ಕಿಸಿದರೆ ನೀರು ಬಸಿದು ಕೆಸರೇ ಜೇಡಿಯಾಗುತ್ತದೆ.

ಹಾರಲು

ಮಾಡು ಕಟ್ಟುವ ಹೊತ್ತಿಗೆ ಎತ್ತರಕ್ಕೆ ಹೋಗಬೇಕಾಯಿತು. ದಾರಿ ಎರಡು. ಒಂದು ಎಲಿಟ್ರಾ ರೆಕ್ಕೆ. ಎಂಡ್ ಎಂಬ ಆಟದ ಕೊನೆಯ ಲೋಕದ ಡ್ರ್ಯಾಗನ್ನನ್ನು ಸೋಲಿಸಿ, ಆಚೆಯ ದ್ವೀಪಗಳ ಹಡಗಿನಲ್ಲಿ ಹುಡುಕಬೇಕು. ರೆಕ್ಕೆಯ ಆಯಸ್ಸು 432, ಸೆಕೆಂಡಿಗೆ ಒಂದರಂತೆ ಸುಮಾರು 7 ನಿಮಿಷ ಹಾರಾಟ. ಹರಿದ ರೆಕ್ಕೆ ಹೊಲಿಯಲು ಫ್ಯಾಂಟಮ್ ಎಂಬ ಹಾರುವ ರಾಕ್ಷಸನ ಪೊರೆ ಬೇಕು, ನಾಲ್ಕು ಪೊರೆಗೆ ರೆಕ್ಕೆ ಹೊಸದಾಗುತ್ತದೆ. ಫ್ಯಾಂಟಮ್ ಬರುವುದು ಆಟದಲ್ಲಿ ಮೂರು ದಿನ ನಿದ್ದೆಗೆಟ್ಟವರ ಮೇಲೆ. ನಮ್ಮ ಒಂದು ಗಂಟೆ ಪೂರ್ತಿ ಮಲಗದೆ ಆಡಿದರೆ ಅದು ಬರುತ್ತದೆ ಎಂದಾಯಿತು.

ಇನ್ನೊಂದು ಹ್ಯಾಪಿ ಘಾಸ್ಟ್, 2025ರ ಜೂನ್ 17ಕ್ಕೆ ಬಂದದ್ದು. ಘಾಸ್ಟ್ ಎಂದರೆ ನೆದರ್‌ನಲ್ಲಿ ಹಾರಾಡುವ ರಾಕ್ಷಸ. ಅದರ ಕಣ್ಣೀರು ಎಂಟು, ನಡುವೆ ಒಂದು ಸೋಲ್ ಸ್ಯಾಂಡ್ ಇಟ್ಟರೆ ಒಣಗಿದ ಘಾಸ್ಟ್. ಕಣ್ಣೀರು ಬಹಳ ಸಲ ಲಾವಾಕ್ಕೆ ಬೀಳುತ್ತದೆ, ಆದ್ದರಿಂದ ಕೂಡಿಸುವ ಬದಲು ನೆದರ್‌ನ ಸೋಲ್ ಸ್ಯಾಂಡ್ ಕಣಿವೆಯಲ್ಲಿ ಎಲುಬಿನ ಕಮಾನುಗಳ ಹತ್ತಿರ ಹುಡುಕಿದರೆ ಒಣಗಿದ್ದೇ ಸಿಗುತ್ತದೆ. ನಮಗೆ ಹಾಗೇ ಸಿಕ್ಕಿತು. ತಂದು ನೀರಿನಲ್ಲಿಟ್ಟರೆ ಸುಮಾರು 20 ನಿಮಿಷಕ್ಕೆ ಮರಿ, ಮರಿಗೆ ಹಿಮದುಂಡೆ ತಿನ್ನಿಸಿದರೆ ಬೇಗ ದೊಡ್ಡದಾಗುತ್ತದೆ. ಮೂರು ತೊಗಲು, ಎರಡು ಗಾಜು, ಒಂದು ಉಣ್ಣೆ ಸೇರಿಸಿ ಹಾರ್ನೆಸ್ ಎಂಬ ಜೀನು ಮಾಡಿ ಹಾಕಿದರೆ ನಾಲ್ವರು ಕೂತು ಹೋಗಬಹುದು. ಎಲಿಟ್ರಾದ ವೇಗದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದರ ಬೆನ್ನ ಮೇಲೆ ಒಬ್ಬರು ನಿಂತಿದ್ದರೆ ಅದು ಅಲುಗದೆ ನಿಲ್ಲುತ್ತದೆ, ಆಕಾಶದಲ್ಲಿ ಅಟ್ಟಳಿಗೆ ಕಟ್ಟಿದ ಹಾಗೆ. ಕಟ್ಟುವವರಿಗೆ ಇದಕ್ಕಿಂತ ಬೇರೆ ಬೇಕೇ? ದೂರದೂರದ ನಾಡು ಸುತ್ತುವ ಆಸೆಯಿದ್ದವರು ರೆಕ್ಕೆಗೆ ಹೋಗಲಿ. ಮನೆ ಕಟ್ಟುವವರು ಘಾಸ್ಟ್ ಸಾಕಲಿ.

ಮೊನ್ನೆ ಭಾನುವಾರ ಮಗ ಅದನ್ನು ತೋಳುಕಂಬದ ಎತ್ತರಕ್ಕೆ ತಂದು ನಿಲ್ಲಿಸಿದ, ಅಕ್ಕನ ಮಗಳು ಅದರ ಬೆನ್ನ ಮೇಲೆ ನಿಂತು ಪೂರ್ವದ ಮಾಡನ್ನು ಪೂರ್ತಿ ಹೊದೆಸಿದಳು. ಹೆಂಚಿಗೆ ನಾವು ಹಾಕುವುದು ಇಟ್ಟಿಗೆಯ ಮೆಟ್ಟಿಲು ಬ್ಲಾಕ್. ಕ್ರಾಫ್ಟಿಂಗ್ ಟೇಬಲ್ಲಿನಲ್ಲಿ ಆರು ಇಟ್ಟಿಗೆ ಬ್ಲಾಕಿಗೆ ನಾಲ್ಕೇ ಮೆಟ್ಟಿಲು ಬರುತ್ತದೆ, ಸ್ಟೋನ್‌ಕಟ್ಟರಿನಲ್ಲಿ ಒಂದಕ್ಕೆ ಒಂದು. ಪಶ್ಚಿಮದಲ್ಲಿ ಇನ್ನು 48 ಬಾಕಿ. 192 ಉಂಡೆ ಜೇಡಿ ಫರ್ನೇಸಿಗೆ ಹಾಕಿಟ್ಟಿದ್ದೇವೆ, 32 ನಿಮಿಷ ಬೇಯಬೇಕು.